ಅವ್ವನ ಕಾರ್ಡ್ ಯಾಕೆ ಬ್ಲಾಕ್ ಆಯ್ತು? ಬಿಗ್ ಡೇಟಾ ಬಗ್ಗೆ ಪುಣೆಯಿಂದ ಮೂರು ಕಥೆ

(ಪುಣೆ ಕನ್ನಡಿಗರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ವಿಡಿಯೋದಲ್ಲಿ ತೊದಲಿದ ಕಡೆ ಮಾತ್ರ ಇಲ್ಲಿ ತಿದ್ದಿದ್ದೇನೆ.)



ಭಾನುವಾರ ಬೆಳಗ್ಗೆ ಹಿಂಜವಡಿ, ಖರಾಡಿ, ಮಗರಪಟ್ಟಾ ಅಂತ ಎಲ್ಲೆಲ್ಲಿಂದಲೋ ಇಷ್ಟು ಜನ ಬಂದಿದ್ದೀರಿ. ವಾರದ ದಿನ ಆಗಿದ್ರೆ ಅರ್ಧ ಜನ ಇನ್ನೂ ವಾಕಡ್ ಸಿಗ್ನಲ್‌ನಲ್ಲೇ ನಿಂತಿರ್ತಿದ್ರಿ. ನಾನು ಧಾರವಾಡದವನು. ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಕೆಲಸ ಡೇಟಾ ಇಂಜಿನಿಯರಿಂಗ್. ಬ್ಯಾಂಕುಗಳಿಗೆ ವಂಚನೆ ಪತ್ತೆ ಮಾಡುವ ಸಾಫ್ಟ್‌ವೇರ್ ಮಾಡೋ ಒಂದು ಕಂಪನಿಯಲ್ಲಿದ್ದೇನೆ. ಯಾವ ಕಂಪನಿ ಅಂತ ಕೇಳಬೇಡಿ, ನಾಳೆ ಸೋಮವಾರ ಇದೆ. (ನಗು)

ಆರೋಗ್ಯ, ಹಣಕಾಸು, ಸೈಬರ್ ಭದ್ರತೆ, ಈ ಮೂರರಲ್ಲಿ ಬಿಗ್ ಡೇಟಾ ಏನು ಮಾಡುತ್ತೆ ಅಂತ ಹೇಳಿ ಅಂದ್ರು ಆಯೋಜಕರು. ಸ್ಲೈಡ್ ಮಾಡೋಕೆ ಕೂತೆ. ಎಂಟು ಸ್ಲೈಡ್ ಆದ ಮೇಲೆ ನೋಡಿದ್ರೆ, ನಮ್ಮ ಆಫೀಸಿನಲ್ಲಿ ಕ್ಲೈಂಟ್‌ಗೆ ತೋರಿಸೋ ಸ್ಲೈಡ್‌ಗಳೇ ಕನ್ನಡದಲ್ಲಿ ಕೂತಿವೆ. ಎಲ್ಲಾ ಅಳಿಸಿಬಿಟ್ಟೆ. ಇವತ್ತು ಮೂರು ಕಥೆ ಹೇಳ್ತೀನಿ: ಒಂದು ಬ್ಯಾಂಕು, ಒಂದು ಬಾವಿ, ಒಂದು ಕಾರ್ಡು. ಮೊದಲನೆರಡು ಇದೇ ಪುಣೆಯಲ್ಲಿ ನಡೆದದ್ದು, ಪತ್ರಿಕೆಯಲ್ಲಿ ಬಂದದ್ದು. ಮೂರನೆಯದು ನಮ್ಮ ಮನೆಯದು.

ಅದಕ್ಕೆ ಮೊದಲು ಒಂದು ಸಣ್ಣ ಲೆಕ್ಕ. 2001ರಲ್ಲಿ ಡಗ್ ಲೇನಿ ಅನ್ನೋ ವಿಶ್ಲೇಷಕರು ಡೇಟಾದ ಸಮಸ್ಯೆಯನ್ನು ಮೂರು ಮಾತಿನಲ್ಲಿ ಹೇಳಿದ್ರು: ಪ್ರಮಾಣ, ವೇಗ, ವೈವಿಧ್ಯ. ಇದಕ್ಕೆ ನಮ್ಮ ಯುಪಿಐಗಿಂತ ಒಳ್ಳೆ ಉದಾಹರಣೆ ಬೇಕಾ? 2016ರಲ್ಲಿ ಶುರುವಾದದ್ದು. 2023ರ ಆಗಸ್ಟ್‌ನಲ್ಲಿ ಮೊದಲ ಸಲ ಒಂದೇ ತಿಂಗಳಲ್ಲಿ 1,000 ಕೋಟಿ ವ್ಯವಹಾರ ದಾಟಿತು. 2025ರ ಆಗಸ್ಟ್‌ಗೆ ಅದು 2,000 ಕೋಟಿ. ಭಾಗಿಸಿ ನೋಡಿ, ಹಗಲು ರಾತ್ರಿ ಸೇರಿ ಸೆಕೆಂಡಿಗೆ ಸರಾಸರಿ 7 ಸಾವಿರದ ಮೇಲೆ ಬರುತ್ತೆ. ಇದರಲ್ಲಿ ಕಳ್ಳತನದ್ದು ಯಾವುದು ಅಂತ ಕಣ್ಣಿಂದ ನೋಡಿ ಹೇಳೋಕೆ ಯಾವ ಮನುಷ್ಯನಿಗೂ ಆಗಲ್ಲ. ಯಂತ್ರ ಬೇಕೇ ಬೇಕು. ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮುಂದೆ ನಾನು ಹೇಳೋದನ್ನು ಕೇಳಿ, ಇವನು ತಂತ್ರಜ್ಞಾನದ ವಿರೋಧಿ ಅಂದ್ಕೋಬೇಡಿ. ನನ್ನ ಅನ್ನವೇ ಅದರಿಂದ ಬರೋದು.

ಮೊದಲನೆಯದು: ಬ್ಯಾಂಕು

ಗಣೇಶಖಿಂಡ್ ರಸ್ತೆಯಲ್ಲಿ ಕಾಸ್ಮಾಸ್ ಬ್ಯಾಂಕಿನ ಮುಖ್ಯ ಕಚೇರಿ ಇದೆ, ನಿಮ್ಮಲ್ಲಿ ಬಹಳ ಜನ ದಿನಾ ಅದರ ಮುಂದೆ ಓಡಾಡ್ತೀರಿ. 1906ರಲ್ಲಿ ಹುಟ್ಟಿದ ಸಹಕಾರಿ ಬ್ಯಾಂಕು. 2018ರ ಆಗಸ್ಟ್ 11, ಶನಿವಾರ. ಅವತ್ತು ಆ ಬ್ಯಾಂಕಿನ ಕಾರ್ಡುಗಳ ನಕಲು ಹಿಡಿದು 28 ದೇಶಗಳ ಎಟಿಎಂಗಳಲ್ಲಿ ಜನ ದುಡ್ಡು ತೆಗೆದರು. ಕೆಲವೇ ಗಂಟೆಗಳಲ್ಲಿ ಸುಮಾರು 12 ಸಾವಿರ ವೀಸಾ ವ್ಯವಹಾರ, 78 ಕೋಟಿ ರೂಪಾಯಿ. ದೇಶದೊಳಗೆ 2,849 ರುಪೇ ವ್ಯವಹಾರ, ಎರಡೂವರೆ ಕೋಟಿ. ಕೊಲ್ಹಾಪುರದ ಎಟಿಎಂಗಳಿಂದಲೂ ಹೋಯ್ತು. ಎರಡು ದಿನ ಬಿಟ್ಟು 13ನೇ ತಾರೀಕು ಸ್ವಿಫ್ಟ್ ಮೂಲಕ 13.92 ಕೋಟಿ ಹಾಂಗ್‌ಕಾಂಗ್‌ನ ಒಂದು ಖಾತೆಗೆ. ಒಟ್ಟು 94.42 ಕೋಟಿ.

ಹೇಗೆ ಸಾಧ್ಯ ಆಯ್ತು? ನೀವು ಎಟಿಎಂಗೆ ಕಾರ್ಡ್ ಹಾಕಿದಾಗ, ಆ ವಿನಂತಿ ಕಾರ್ಡ್ ಜಾಲದ ಮೂಲಕ ಬ್ಯಾಂಕಿನ ಸ್ವಿಚ್‌ಗೆ ಬರುತ್ತೆ. ಸ್ವಿಚ್ ಹೋಗಿ ಕೋರ್ ಬ್ಯಾಂಕಿಂಗನ್ನು ಕೇಳುತ್ತೆ: ಈ ಖಾತೆಯಲ್ಲಿ ಇಷ್ಟು ದುಡ್ಡು ಇದೆಯಾ, ಕೊಡಲಾ? ಕಳ್ಳರು ಏನು ಮಾಡಿದರು ಅಂದ್ರೆ, ಮಾಲ್‌ವೇರ್ ಬಿಟ್ಟು ನಡುವೆ ಒಂದು ನಕಲಿ ಸ್ವಿಚ್ ಕೂರಿಸಿದರು. ಯಾರು ಏನು ಕೇಳಿದ್ರೂ ಅದು "ಕೊಡು, ಕೊಡು" ಅಂತ ಹೇಳ್ತಿತ್ತು. ಕೋರ್ ಬ್ಯಾಂಕಿಂಗ್‌ಗೆ ಪ್ರಶ್ನೆ ಹೋಗಲೇ ಇಲ್ಲ. ಹಾಗಾಗಿ ಗ್ರಾಹಕರ ಖಾತೆಯಿಂದ ದುಡ್ಡು ಹೋಗಲಿಲ್ಲ, ಹೋದದ್ದು ಬ್ಯಾಂಕಿನದ್ದು. ವಿಶ್ವಸಂಸ್ಥೆಯ ತಜ್ಞರ ಸಮಿತಿಯ 2019ರ ವರದಿ ಈ ದಾಳಿಯನ್ನು ಉತ್ತರ ಕೊರಿಯಾದ ಜೊತೆ ಜೋಡಿಸಿತು. 2023ರ ಏಪ್ರಿಲ್‌ನಲ್ಲಿ ಪುಣೆ ಕೋರ್ಟು 11 ಜನರಿಗೆ ಶಿಕ್ಷೆ ಕೊಟ್ಟಿತು.

ನಮ್ಮ ಕೆಲಸದ ದೃಷ್ಟಿಯಿಂದ ಇದನ್ನು ನೋಡಿ. ಒಂದೊಂದೇ ವ್ಯವಹಾರ ತೆಗೆದು ನೋಡಿದ್ರೆ ದೊಡ್ಡ ವಿಚಿತ್ರ ಏನಿಲ್ಲ. ಯಾರೋ ವಿದೇಶಕ್ಕೆ ಹೋಗಿದ್ದಾರೆ, ಎಟಿಎಂನಲ್ಲಿ ದುಡ್ಡು ತೆಗೀತಿದ್ದಾರೆ. ಆದ್ರೆ ಪುಣೆಯ ಒಂದು ಸಹಕಾರಿ ಬ್ಯಾಂಕಿನ ಗ್ರಾಹಕರು ಒಂದೇ ಶನಿವಾರ 28 ದೇಶಕ್ಕೆ ಪ್ರವಾಸ ಹೋಗ್ತಾರಾ? ಇದು ಒಂದು ಸಾಲಿನಲ್ಲಿ ಕಾಣಲ್ಲ, ಗುಂಪಿನಲ್ಲಿ ಮಾತ್ರ ಕಾಣೋ ವಿಷಯ. ಇನ್ನೊಂದು, ಕಾರ್ಡ್ ಜಾಲದ ಲೆಕ್ಕದಲ್ಲಿ ಸಾವಿರಾರು ಮಂಜೂರಾತಿ, ಕೋರ್ ಬ್ಯಾಂಕಿಂಗ್ ಲೆಕ್ಕದಲ್ಲಿ ಅದಕ್ಕೆ ತಕ್ಕ ಖರ್ಚೇ ಇಲ್ಲ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಕ್ಷಣಕ್ಷಣಕ್ಕೂ ತಾಳೆ ನೋಡಿದ್ರೆ ಸಾಕು. ಕಿರಾಣಿ ಅಂಗಡಿ ಸಾಹುಕಾರ ರಾತ್ರಿ ಗಲ್ಲಾ ಪೆಟ್ಟಿಗೆ ಎಣಿಸಿ ಖಾತೆ ಪುಸ್ತಕಕ್ಕೆ ತಾಳೆ ಮಾಡ್ತಾನಲ್ಲ, ಅದೇ ಕೆಲಸ. ಅವನು ದಿನಕ್ಕೊಂದು ಸಲ ಮಾಡೋದನ್ನು ಸೆಕೆಂಡಿಗೊಂದು ಸಲ ಮಾಡೋಕೆ ಬಿಗ್ ಡೇಟಾ ಬೇಕು.

ಎರಡನೆಯದು: ಬಾವಿ

2025ರ ಜನವರಿ. ನಾನಿರೋದು ಧಾಯರಿ ಕಡೆ, ಸಿಂಹಗಡ ರಸ್ತೆಯಿಂದ ಒಳಗೆ. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಪಾರ್ಕಿಂಗ್ ಜಗಳ. ಒಂದು ದಿನ ಯಾರೋ ಜಿಬಿಎಸ್ ಅಂತ ಬರೆದ್ರು. ಗಿಯಾನ್ ಬಾರೆ ಸಿಂಡ್ರೋಮ್. ಕಾಲು ಜೋಮು ಹಿಡಿದ ಹಾಗೆ ಶುರುವಾಗುತ್ತೆ, ಮೇಲಕ್ಕೆ ಏರುತ್ತೆ. ಕೆಲವರಿಗೆ ಉಸಿರಾಡೋಕೂ ವೆಂಟಿಲೇಟರ್ ಬೇಕಾಗುತ್ತೆ. ನಮ್ಮ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿ ಬೀಳೋ ಕಾಯಿಲೆ. ಸಾಮಾನ್ಯವಾಗಿ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರೋದು.

ಒಂದು ಆಸ್ಪತ್ರೆಗೆ ಒಬ್ಬರು ಬಂದರೆ ಅದು ಸುದ್ದಿಯಲ್ಲ. ಇನ್ನೊಂದು ಆಸ್ಪತ್ರೆಗೆ ಇಬ್ಬರು ಬಂದರೂ ಸುದ್ದಿಯಲ್ಲ. ಜನವರಿ 21ರ ಹೊತ್ತಿಗೆ ಎಲ್ಲ ಆಸ್ಪತ್ರೆಗಳ ಲೆಕ್ಕ ಕೂಡಿಸಿದಾಗ 24 ಶಂಕಿತ ಪ್ರಕರಣ ಕಂಡವು. ಅವನ್ನು ನಕ್ಷೆ ಮೇಲೆ ಇಟ್ಟಾಗ ಬಹುಪಾಲು ಸಿಂಹಗಡ ರಸ್ತೆಯ ಸುತ್ತಲೇ: ನಾಂದೇಡ ಗಾವ್, ಕಿರ್ಕಟವಾಡಿ, ಧಾಯರಿ, ಖಡಕವಾಸಲಾ. ಹೆಚ್ಚಿನವು ಪಾಲಿಕೆಗೆ ಇತ್ತೀಚೆಗೆ ಸೇರಿದ ಹಳ್ಳಿಗಳು. ಅಲ್ಲಿಯ ಬಹಳ ಮನೆಗಳಿಗೆ ನಾಂದೇಡದ ಒಂದು ದೊಡ್ಡ ಬಾವಿಯಿಂದ ನೀರು. ನಮ್ಮ ಪುಣೆಯಲ್ಲೇ ಇರೋ ರಾಷ್ಟ್ರೀಯ ವೈರಾಣು ಸಂಸ್ಥೆ ರೋಗಿಗಳ ಮಲದ ಮಾದರಿ ಪರೀಕ್ಷಿಸಿದಾಗ ಕೆಲವರಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಅನ್ನೋ ಬ್ಯಾಕ್ಟೀರಿಯಾ, ಕೆಲವರಲ್ಲಿ ನೊರೊವೈರಸ್ ಸಿಕ್ಕವು. ಎರಡೂ ಕೆಟ್ಟ ನೀರು, ಕೆಟ್ಟ ಆಹಾರದಿಂದ ಬರೋವು. ಆಮೇಲೆ ಕ್ಲೋರಿನ್ ಹಾಕೋದು, ಖಾಸಗಿ ಆರ್‌ಒ ಘಟಕಗಳಿಗೆ ಬೀಗ ಜಡಿಯೋದು ಎಲ್ಲ ನಡೀತು. ಪ್ರಕರಣ 200 ದಾಟಿದವು, ಸಾವೂ ಆದವು. ನಮ್ಮ ಮನೆಯಲ್ಲಿ ಎರಡು ತಿಂಗಳು ನೀರು ಕುದಿಸಿದ್ದೇ ಕುದಿಸಿದ್ದು. ಮಗಳು ಕಾಲು ಜೋಮು ಹಿಡಿದಿದೆ ಅಂದ್ರೆ ಸಾಕು, ಎದೆ ಧಸಕ್ ಅಂತಿತ್ತು. ಪಾಪ, ಅವಳು ಚಕ್ಕಳಮಕ್ಕಳ ಹಾಕಿ ಟಿವಿ ನೋಡ್ತಾ ಕೂತಿದ್ದಳು ಅಷ್ಟೆ.

ಇದರಲ್ಲಿ ಬಿಗ್ ಡೇಟಾ ಎಲ್ಲಿದೆ? 24 ಚುಕ್ಕೆ. ಎಕ್ಸೆಲ್ ಕೂಡ ಬೇಡ, ಕಾಗದ ಸಾಕು. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಕಾಲರಾ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ ಬ್ರಾಡ್ ಸ್ಟ್ರೀಟಿನ ಪಂಪಿನ ಕಡೆ ಬೆರಳು ತೋರಿಸಿದ್ದೂ ಹೀಗೇ. ನಮ್ಮ ಕಸುಬಿನ ಮೂಲಪುರುಷ ಅಂದ್ರೆ ಅವರೇ. ಡೇಟಾ ದೊಡ್ಡದಿರಬೇಕು ಅಂತಿಲ್ಲ, ಬೇರೆಬೇರೆ ಕಡೆ ಬಿದ್ದಿರೋದು ಒಂದು ಕಡೆ ಸೇರಬೇಕು. ಸೇರೋದು ಒಂದು ವಾರ ಮೊದಲಾದರೆ ಬಾವಿಗೆ ಕ್ಲೋರಿನ್ ಒಂದು ವಾರ ಮೊದಲು ಬೀಳುತ್ತೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 14 ಅಂಕಿಯ ಆಭಾ ಸಂಖ್ಯೆ, ಇವೆಲ್ಲ ಬಂದಿರೋದರ ಹಿಂದೆ ಈ ಆಸೆಯೂ ಇದೆ.

ಆದ್ರೆ ಒಂದು ಕಡೆ ಸೇರಿಸಿದ್ದು ಕಳ್ಳನಿಗೂ ಒಂದೇ ಕಡೆ ಸಿಗುತ್ತೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯ್ತು. ಸುಮಾರು ಎರಡು ವಾರ ಹೊರರೋಗಿಗಳ ನೋಂದಣಿ, ಲ್ಯಾಬ್ ವರದಿ ಎಲ್ಲ ಕೈಬರಹ. ಅಲ್ಲಿ ಸಾಲಿನಲ್ಲಿ ನಿಂತವರು ದೂರದ ಹಳ್ಳಿಗಳಿಂದ ಬಂದವರು. ಹಾಗಾಗಿ ಆರೋಗ್ಯದ ಡೇಟಾ ಬೇರೆ, ಸೈಬರ್ ಭದ್ರತೆ ಬೇರೆ ಅನ್ನೋದು ನಮ್ಮ ಆಫೀಸಿನ ವಿಭಾಗಗಳಲ್ಲಿ ಮಾತ್ರ. ರೋಗಿಗೆ ಎರಡೂ ಒಂದೇ ಕಿಟಕಿ.

ಮೂರನೆಯದು: ಕಾರ್ಡು

ಇದನ್ನು ಹೇಳಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ.

ಎರಡು ವರ್ಷದ ಹಿಂದೆ, ದೀಪಾವಳಿಗೆ ಊರಿಗೆ ಹೊರಟಿದ್ದೆ. ರಾತ್ರಿ ಒಂಬತ್ತರ ಬಸ್ಸು. ಸೀಟಿನ ಪಕ್ಕದ ಚಾರ್ಜಿಂಗ್ ಪಾಯಿಂಟ್ ಕೆಲಸ ಮಾಡ್ತಿರಲಿಲ್ಲ, ಅದೇನು ಹೊಸದಲ್ಲ, ನಿಮಗೂ ಗೊತ್ತು. ಸಾತಾರಾ ಬರೋ ಹೊತ್ತಿಗೆ ಫೋನ್ ಸತ್ತಿತು. ನಾನೂ ಮಲಗಿದೆ. ನಿಪ್ಪಾಣಿ ಹತ್ತಿರ ಚಹಾಕ್ಕೆ ಬಸ್ ನಿಂತಾಗ ರಾತ್ರಿ ಮೂರು. ಹೋಟೆಲಿನವರ ಹತ್ತಿರ ಕೇಳಿ ಚಾರ್ಜ್‌ಗೆ ಹಾಕಿದೆ. 14 ಮಿಸ್ಡ್ ಕಾಲ್.

ಹನ್ನೊಂದು ಗಂಟೆಗೆ ಅಪ್ಪಗೆ ಎದೆನೋವು ಬಂದಿತ್ತು. ಪಕ್ಕದ ಮನೆಯವರು ಕಾರಿನಲ್ಲಿ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ರು. ಆಂಜಿಯೋಪ್ಲಾಸ್ಟಿ ಮಾಡಬೇಕು, 80 ಸಾವಿರ ಅಡ್ವಾನ್ಸ್ ಕಟ್ಟಿ ಅಂದ್ರಂತೆ. ಅವ್ವನ ಹತ್ತಿರ ಡೆಬಿಟ್ ಕಾರ್ಡ್ ಇತ್ತು, ಖಾತೆಯಲ್ಲಿ ದುಡ್ಡೂ ಇತ್ತು. ಉಜ್ಜಿದ್ರು. ಆಗಲಿಲ್ಲ. ಇನ್ನೊಮ್ಮೆ ಉಜ್ಜಿದ್ರು. ಕಾರ್ಡ್ ಬ್ಲಾಕ್.

ಅವ್ವನ ದನಿ ಈಗಲೂ ಕಿವಿಯಲ್ಲಿದೆ: "ತಮ್ಮಾ, ರೊಕ್ಕ ಐತಿ, ಕಾರ್ಡ್ ನಡೀವಲ್ದು ಅಂತಾರ. ನಾ ಏನ್ ಮಾಡ್ಲಿ ಹೇಳು?" ಅದು ಅವಳು ವಾಟ್ಸಾಪ್‌ನಲ್ಲಿ ಕಳಿಸಿದ ವಾಯ್ಸ್ ಮೆಸೇಜು. ಕಳಿಸಿದ್ದು 11:52ಕ್ಕೆ. ನಾನು ಕೇಳಿದ್ದು ಮೂರು ಗಂಟೆಗೆ.

ಕೊನೆಗೆ ಚಿಗವ್ವನ ಮಗ ನವಲಗುಂದದಿಂದ ಯುಪಿಐ ಮಾಡಿದ. ನಲವತ್ತು ನಿಮಿಷ ಹೋಗಿತ್ತು. ಅಪ್ಪ ಈಗ ಚೆನ್ನಾಗಿದ್ದಾರೆ, ದಿನಾ ಸಾಧನಕೇರಿ ಕೆರೆ ಸುತ್ತ ನಡೀತಾರೆ. ಅದನ್ನು ಮೊದಲೇ ಹೇಳಿಬಿಡ್ತೀನಿ, ನೀವು ಗಾಬರಿ ಆಗೋದು ಬೇಡ.

ಆ ಬ್ಯಾಂಕು ನಮ್ಮ ಕಂಪನಿಯ ಗ್ರಾಹಕ ಅಲ್ಲ. ಆದ್ರೆ ಕಾರ್ಡ್ ಯಾಕೆ ಬ್ಲಾಕ್ ಆಯ್ತು ಅಂತ ನಿಪ್ಪಾಣಿಯ ಆ ಹೋಟೆಲಿನ ಮುಂದೆ ನಿಂತೇ ನನಗೆ ಗೊತ್ತಾಯ್ತು. ವಯಸ್ಸಾದ ಗ್ರಾಹಕಿ. ತಿಂಗಳಿಗೊಂದು ಸಲ ಧಾರವಾಡದ ಒಂದೇ ಎಟಿಎಂನಲ್ಲಿ ಐದು ಸಾವಿರ ತೆಗೆಯೋ ಕಾರ್ಡು. ಇವತ್ತು ಮಧ್ಯರಾತ್ರಿ, ಬೇರೆ ಊರು, ಹೊಸ ಮಷಿನ್ನು, ಹದಿನಾರು ಪಟ್ಟು ಮೊತ್ತ. ನಾನು ಕಟ್ಟಿದ ಮಾಡೆಲ್ ಇದ್ದಿದ್ರೂ ಅದನ್ನೇ ಮಾಡ್ತಿತ್ತು.

ಈಗ ಲೆಕ್ಕ ನೋಡಿ. ಹತ್ತು ಲಕ್ಷ ವ್ಯವಹಾರದಲ್ಲಿ ನೂರು ಮಾತ್ರ ಕಳ್ಳತನದ್ದು ಅಂತ ಇಟ್ಕೊಳ್ಳಿ. ನಿಮ್ಮ ಮಾಡೆಲ್ ಬಹಳ ಜಾಣ, ಕಳ್ಳತನದಲ್ಲಿ ನೂರಕ್ಕೆ 99 ಹಿಡಿಯುತ್ತೆ, ಒಳ್ಳೆಯವರಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುತ್ತೆ. ಸರಿ, 99 ಕಳ್ಳತನ ಸಿಕ್ಕವು. ಒಳ್ಳೆಯವರಲ್ಲಿ ನೂರಕ್ಕೆ ಒಂದು ಅಂದ್ರೆ 9,999. ಅಂದ್ರೆ ಮಾಡೆಲ್ ಕೈ ತೋರಿಸಿದ ನೂರು ಜನರಲ್ಲಿ ಹತ್ತಿರ ಹತ್ತಿರ 99 ಜನ ನಿರಪರಾಧಿಗಳು. ಕಾಯಿಲೆಯ ಸ್ಕ್ರೀನಿಂಗ್ ಪರೀಕ್ಷೆಗೂ ಇದೇ ಲೆಕ್ಕ, ನೆಟ್‌ವರ್ಕ್ ದಾಳಿಯ ಎಚ್ಚರಿಕೆಗೂ ಇದೇ ಲೆಕ್ಕ. ಹುಡುಕೋ ವಸ್ತು ಅಪರೂಪ ಆದಷ್ಟೂ ತಪ್ಪು ಬೆರಳು ಜಾಸ್ತಿ.

ಹಾಗಾದ್ರೆ ಸಡಿಲ ಬಿಡೋಣ ಅಂತೀರಾ? ಅದೂ ಆಗಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಡಿಜಿಟಲ್ ಅರೆಸ್ಟ್ ಬಗ್ಗೆ ಮಾತಾಡಿ ಒಂದು ರೆಕಾರ್ಡಿಂಗ್ ಕೇಳಿಸಿದ್ರಲ್ಲ, ಅದು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕಾಲು. ನಕಲಿ ಪೊಲೀಸರು ಹೆದರಿಸಿ ಜೀವಮಾನದ ಉಳಿತಾಯ ಬರಿದು ಮಾಡೋದು ಹೀಗೆ ವಯಸ್ಸಾದವರ ಖಾತೆಗಳನ್ನೇ. ಕದ್ದ ದುಡ್ಡು ಓಡಾಡೋ ಬಾಡಿಗೆ ಖಾತೆಗಳನ್ನು ಪತ್ತೆ ಮಾಡೋಕೆ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ಮ್ಯೂಲ್‌ಹಂಟರ್ ಅನ್ನೋ ವ್ಯವಸ್ಥೆ ಮಾಡಿದೆ. ಬೇಕೇ ಬೇಕು ಇವೆಲ್ಲ.

ಕಾರ್ಡ್ ತಡೆದಿದ್ದು ನನಗೆ ಸಿಟ್ಟು ತರಲಿಲ್ಲ. ಆಮೇಲೆ ಗೊತ್ತಾದದ್ದು ಬೇರೆ.

ಊರಿಗೆ ಹೋಗಿ ಅವ್ವನ ಫೋನ್ ನೋಡಿದೆ. ಬ್ಯಾಂಕಿನಿಂದ ಎಸ್ಎಂಎಸ್ ಬಂದಿತ್ತು: ಈ ವ್ಯವಹಾರ ನಿಮ್ಮದೇ ಆದರೆ ಯೆಸ್ ಅಂತ ಉತ್ತರಿಸಿ. ಇಂಗ್ಲಿಷಿನಲ್ಲಿ. ಅವ್ವ ಕನ್ನಡ ಸಾಲೀ ಏಳನೇತ್ತಾ ಓದಿದಾಕಿ. ಆಮೇಲೆ ಒಂದು ಕಾಲ್ ಬಂದಿತ್ತು, ರೆಕಾರ್ಡ್ ಮಾಡಿದ ದನಿ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ.

"ಕಾಲ್ ಬಂದಿತ್ತಲ್ಲವ್ವಾ, ಯಾಕ ಕಟ್ ಮಾಡ್ದಿ?" ಅಂದೆ.

"ನೀನ ಹೇಳಿದ್ದೆಲ್ಲೋ," ಅಂದಳು. "ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರ, ಒತ್ತು ಅಂದ್ರ, ಕಟ್ ಮಾಡು ಅಂತ."

ಹೌದು. ನಾನೇ ಹೇಳಿದ್ದೆ.

ರಜೆ ಮುಗಿಸಿ ಪುಣೆಗೆ ಬಂದವನು ನಮ್ಮದೇ ಕೋಡ್ ತೆಗೆದು ನೋಡಿದೆ. ನಮ್ಮ ವ್ಯವಸ್ಥೆಯೂ ಹೀಗೇ ಸಂದೇಶ ಕಳಿಸುತ್ತೆ. ಗ್ರಾಹಕ "ಹೌದು ನಾನೇ" ಅಂದ್ರೆ ಒಳ್ಳೆ ವ್ಯವಹಾರ ಅಂತ ಲೇಬಲ್. "ನಾನಲ್ಲ" ಅಂದ್ರೆ ವಂಚನೆ ಅಂತ ಲೇಬಲ್. ಉತ್ತರವೇ ಬರದಿದ್ರೆ? ಹದಿನೈದು ನಿಮಿಷ ಕಾದು, ವಂಚನೆ ಅಂತಲೇ ಲೇಬಲ್. ಆ ಲೇಬಲ್ಲುಗಳಿಂದ ಮುಂದಿನ ತಿಂಗಳ ಮಾಡೆಲ್ ಕಲಿಯುತ್ತೆ. ಆ ಒಂದು ಸಾಲು ಬರೆದವರು ಯಾರು ಅಂತ ಹಿಸ್ಟರಿ ನೋಡಿದೆ. ನನ್ನ ಹೆಸರು, ನಾಲ್ಕು ವರ್ಷ ಹಿಂದಿನ ತಾರೀಕು. ಯಾವುದೋ ಡೆಡ್‌ಲೈನ್ ಇತ್ತು, ಖಾಲಿ ಬಿಟ್ಟರೆ ಪೈಪ್‌ಲೈನ್ ಒಡೀತಿತ್ತು, ಏನೋ ಒಂದು ತುಂಬಿದ್ದೆ.

ಅದರ ಅರ್ಥ ಏನು ನೋಡಿ. ಇಂಗ್ಲಿಷ್ ಓದೋಕೆ ಬರದವರು ಉತ್ತರ ಕೊಡಲ್ಲ. ಉತ್ತರ ಕೊಡದಿದ್ರೆ ಅವರ ಒಳ್ಳೆ ವ್ಯವಹಾರ ವಂಚನೆ ಅಂತ ದಾಖಲಾಗುತ್ತೆ. ಮಾಡೆಲ್ ಅದನ್ನು ಓದಿ ಕಲಿಯುತ್ತೆ: ಇಂಥ ಊರಿನವರು, ಇಷ್ಟು ವಯಸ್ಸಿನವರು, ಇಂಥ ಆಸ್ಪತ್ರೆ, ಇಂಥ ಬೀಜದ ಅಂಗಡಿ, ಎಲ್ಲ ಅನುಮಾನದ್ದು. ಮುಂದಿನ ಸಲ ಅಂಥವರನ್ನು ಇನ್ನೂ ಬೇಗ ತಡೆಯುತ್ತೆ. ಅವರು ಮತ್ತೆ ಉತ್ತರ ಕೊಡಲ್ಲ. ಮಾಡೆಲ್‌ಗೆ ಜಾತಿ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಅದು ನಿಷ್ಪಕ್ಷಪಾತ ಅಂತ ನಾವು ಕ್ಲೈಂಟ್‌ಗೆ ಹೇಳ್ತಿದ್ವಿ. ಭಾಷೆಯ ಕಾಲಂ ನಿಜಕ್ಕೂ ಇರಲಿಲ್ಲ. ಭಾಷೆ ಲೇಬಲ್ ಮೂಲಕ ಒಳಗೆ ಬಂದು ಕೂತಿತ್ತು.

ಮೂರು ಶನಿವಾರ ಕೂತು ಉತ್ತರ ಬರದ ನೂರು ಕೇಸು ಕೈಯಿಂದ ಓದಿದೆ. ಬಹಳಷ್ಟು ಜನ ಎರಡು ದಿನ ಬಿಟ್ಟು ಶಾಖೆಗೆ ಹೋಗಿ, ಸಹಿ ಹಾಕಿ, ಕಾರ್ಡ್ ಬಿಡಿಸಿಕೊಂಡು, ಅದೇ ಅಂಗಡಿಯಲ್ಲಿ ಅಷ್ಟೇ ದುಡ್ಡು ಕೊಟ್ಟಿದ್ರು. ಮದುವೆ ಬಂಗಾರ. ಟ್ರ್ಯಾಕ್ಟರ್ ಟೈರು. ಔಷಧ. ಆ ಮಾಹಿತಿ ಬೇರೆ ಟೇಬಲ್‌ನಲ್ಲಿ ಇತ್ತು, ಯಾರೂ ತಾಳೆ ನೋಡಿರಲಿಲ್ಲ. ಕಾಸ್ಮಾಸ್ ಕಥೆಯಲ್ಲಿ ಎರಡು ಪುಸ್ತಕ ಅಂದೆನಲ್ಲ, ಅದೇ.

ಮ್ಯಾನೇಜರ್ ಹತ್ತಿರ ಹೋದೆ. ಉತ್ತರ ಇಲ್ಲದಿದ್ದನ್ನು ವಂಚನೆ ಅನ್ನೋದು ಬೇಡ, "ಗೊತ್ತಿಲ್ಲ" ಅಂತ ಮೂರನೇ ಲೇಬಲ್ ಇಡೋಣ, ಕಲಿಕೆಯಿಂದ ಹೊರಗಿಡೋಣ ಅಂದೆ. ಅವರು ಒಳ್ಳೆಯವರೇ. ಪ್ರಯೋಗ ಮಾಡಿ ನೋಡಿ ಅಂದ್ರು. ಹೊಸ ಮಾಡೆಲ್‌ನ ಅಂಕ ಹಳೆಯದಕ್ಕಿಂತ ಕಡಿಮೆ ಬಂತು. "ನೋಡು, ನಂಬರ್ ಇಳೀತಿದೆಯಲ್ಲ" ಅಂದ್ರು. ಇಳಿಯಲೇಬೇಕು. ಪರೀಕ್ಷೆಯ ಉತ್ತರಪತ್ರಿಕೆಯೇ ತಪ್ಪಿದ್ದಾಗ, ತಪ್ಪು ಬರೆದ ಹುಡುಗನಿಗೆ ಜಾಸ್ತಿ ಮಾರ್ಕ್ಸ್ ಬರುತ್ತೆ. ಇದನ್ನು ಅವರಿಗೆ, ಅವರ ಮೇಲಿನವರಿಗೆ, ಕ್ಲೈಂಟ್‌ಗೆ ಅರ್ಥ ಮಾಡಿಸೋಕೆ ಐದು ತಿಂಗಳು ಹಿಡೀತು. ಕೊನೆಗೆ ಆ ಸಾಲು ಬದಲಾಯ್ತು. ಆಸ್ಪತ್ರೆಯ ಮಷಿನ್ ಆದ್ರೆ ನೇರ ಬ್ಲಾಕ್ ಬೇಡ, ರಾತ್ರಿ ಪಾಳಿಯ ಮನುಷ್ಯರೊಬ್ಬರು ನೋಡಲಿ ಅನ್ನೋದೂ ಸೇರಿತು. ಗ್ರಾಹಕರ ಭಾಷೆಯಲ್ಲಿ ಸಂದೇಶ ಅನ್ನೋದು ಪಟ್ಟಿಯಲ್ಲಿದೆ. ಮರಾಠಿ, ತಮಿಳು ಬಂದಿವೆ. ಕನ್ನಡ ಇನ್ನೂ ಬಂದಿಲ್ಲ. ಪ್ರತಿ ಮೂರು ತಿಂಗಳಿಗೆ ಮೀಟಿಂಗಿನಲ್ಲಿ ಕೇಳ್ತೀನಿ, ಮುಂದಿನ ಸಲ ಅಂತಾರೆ. ಸಂದೇಶದ ಅನುವಾದ ನಾನೇ ಮಾಡಿ ಇಟ್ಟಿದ್ದೀನಿ, ನಾಲ್ಕೇ ಸಾಲು.

ಇಲ್ಲಿ ಕೂತವರಲ್ಲಿ ಅರ್ಧ ಜನ ಇಂಥದೇ ಪೈಪ್‌ಲೈನ್ ಕಟ್ಟೋರು ಇದ್ದೀರಿ. ಆಸ್ಪತ್ರೆಗೋ, ವಿಮೆಗೋ, ಸಾಲಕ್ಕೋ, ಭದ್ರತೆಗೋ. ನಿಮ್ಮಿಂದ ಒಂದು ಕೆಲಸ ಆಗಬೇಕು. ನಾಳೆ ಆಫೀಸಿಗೆ ಹೋದಾಗ ನಿಮ್ಮ ಡೇಟಾದಲ್ಲಿ ಖಾಲಿ ಇದ್ದ ಜಾಗಕ್ಕೆ ಏನು ತುಂಬಿದ್ದೀರಿ ಅಂತ ತೆಗೆದು ನೋಡಿ. ಯಾರು ತುಂಬಿದ್ದು, ಯಾವ ಅವಸರದಲ್ಲಿ ತುಂಬಿದ್ದು, ಆ ಖಾಲಿ ಜಾಗದ ಹಿಂದೆ ಯಾರು ನಿಂತಿದ್ದಾರೆ, ಅಷ್ಟು ನೋಡಿದ್ರೆ ಸಾಕು.

ಇನ್ನು ಮನೆಗೆ. ಊರಲ್ಲಿರೋ ಅಪ್ಪ ಅವ್ವಂದಿರಿಗೆ ಫೋನ್ ಕಟ್ ಮಾಡು ಅಂತ ಮಾತ್ರ ಹೇಳಿ ಬಿಡಬೇಡಿ, ನಾನು ಮಾಡಿದ ತಪ್ಪು ಅದು. ಬ್ಯಾಂಕಿನ ಕಾರ್ಡಿನ ಹಿಂದೆ ಇರೋ ನಂಬರನ್ನು ಅವರ ಫೋನಿನಲ್ಲಿ ಕನ್ನಡದಲ್ಲಿ ಹೆಸರು ಹಾಕಿ ಸೇವ್ ಮಾಡಿ, ನಾವೇ ತಿರುಗಿ ಆ ನಂಬರಿಗೆ ಮಾಡೋದು ಅಂತ ಕಲಿಸಿ. ದುಡ್ಡು ನಿಜಕ್ಕೂ ಹೋದ್ರೆ 1930ಕ್ಕೆ ತಕ್ಷಣ ಫೋನ್. ಎಷ್ಟು ಬೇಗ ಮಾಡ್ತೀರೋ ದುಡ್ಡು ನಡುದಾರಿಯಲ್ಲಿ ನಿಲ್ಲೋ ಸಾಧ್ಯತೆ ಅಷ್ಟು ಜಾಸ್ತಿ. ಆಸ್ಪತ್ರೆಯ ಖರ್ಚಿಗೆ ಒಂದೇ ಕಾರ್ಡ್ ನಂಬ್ಕೊಂಡು ಕೂರಬೇಡಿ, ಊರಲ್ಲೇ ಇರೋ ಇಬ್ಬರ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿ. ನಮ್ಮನೆ ಫ್ರಿಜ್ ಮೇಲೆ ಈಗ ಚಿಗವ್ವನ ಮಗನ ನಂಬರ್ ಮೊದಲು ಇದೆ, ನನ್ನದು ಎರಡನೆಯದು.

ಬಸ್ಸಿಗೆ ಹೋಗೋವಾಗ ಪವರ್ ಬ್ಯಾಂಕ್ ತಗೊಂಡು ಹೋಗಿ. (ನಗು) ನಿಜವಾಗ್ಲೂ.

ಹೊರಗೆ ಚಹಾ, ಮಂಡಕ್ಕಿ ಇದೆ. ಪ್ರಶ್ನೆ ಇದ್ದವರು ಅಲ್ಲೇ ಸಿಗಿ, ಮಾತಾಡೋಣ.